ಹಿಡಿತ ಹೋದ ಕೈಗೆ ದಾರ ಎಳೆಯುವ ಕೈತೊಡಿಕೆ: ಕಟ್ಟುವ ಬಗೆ

ತೋಳು ಎತ್ತಬಲ್ಲ, ಮೊಣಕೈ ಮಡಚಬಲ್ಲ, ಆದರೆ ಬೆರಳು ಮುಚ್ಚಿ ಲೋಟ ಹಿಡಿಯಲಾಗದವರಿಗೆ ಒಂದು ಮೋಟಾರ್, ಎರಡು ದಾರ ಮತ್ತು ಕೆಲವು ಪಟ್ಟಿಗಳಿಂದ ಹಿಡಿತ ಕೊಡುವ ಸಾಧನ ಇದು. ಸ್ವೀಡನ್ನಿನ ಕಾರ್ಬನ್‌ಹ್ಯಾಂಡ್, ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಎಕ್ಸೋ-ಗ್ಲವ್ ಪಾಲಿ ಇವೆಲ್ಲ ನಡೆಯುವುದು ಇದೇ ತತ್ತ್ವದ ಮೇಲೆ: ನಮ್ಮ ಮುಂದೋಳಿನ ಸ್ನಾಯು ಒಳಗಿನ ನರಗಟ್ಟನ್ನು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ, ಟೆಂಡನ್) ಎಳೆದಂತೆ, ಮೋಟಾರು ಹೊರಗಿನ ದಾರವನ್ನು ಎಳೆಯುತ್ತದೆ. ಕಟ್ಟಲು ಹೊರಟವರು ಸಾಮಾನ್ಯವಾಗಿ ಮೋಟಾರಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಮೋಟಾರು ಇಲ್ಲಿನ ಸುಲಭದ ಭಾಗ. ಎಳೆತ ಚರ್ಮದ ಮೇಲೆ ಎಲ್ಲಿ ಕೂರುತ್ತದೆ, ಕೈ ಸಿಕ್ಕಿಕೊಂಡರೆ ಹೇಗೆ ಬಿಡಿಸಿಕೊಳ್ಳುವುದು, ಇವೆರಡಕ್ಕೇ ಹೆಚ್ಚು ಹೊತ್ತು ಕೊಡಿ.

ಮೊದಲು ಕೈ ನೋಡಿ

ಈ ತೊಡಿಕೆ ಬೆರಳನ್ನು ಮುಚ್ಚುತ್ತದೆ, ಬಿಡಿಸುವುದು ಬರೀ ಒಂದು ಎಲಾಸ್ಟಿಕ್. ಆದ್ದರಿಂದ ಇದು ಸಡಿಲವಾಗಿರುವ, ಬಲ ಕಳೆದುಕೊಂಡ ಕೈಗೆ ಸರಿ: ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದವರು, ನರದ ಗಾಯವಾದವರು, ಬಿಗಿತವಿಲ್ಲದ ಸ್ಟ್ರೋಕ್ ರೋಗಿಗಳು. ಸ್ಟ್ರೋಕ್ ಆದ ಅನೇಕರ ಕಷ್ಟ ಇದರ ತಿರುಗುಮುರುಗು. ಅವರ ಮುಷ್ಟಿ ತಾನಾಗಿ ಮುಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಅಂಥ ಕೈಗೆ ಮುಚ್ಚುವ ಯಂತ್ರ ಕಟ್ಟಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಬಿಗಿತ ಅಳೆಯಲು ಥೆರಪಿಸ್ಟರು ಮಾಡಿಫೈಡ್ ಆಶ್‌ವರ್ತ್ ಮಾಪಕ ಬಳಸುತ್ತಾರೆ: 0, 1, 1+, 2, 3, 4. 1+ವರೆಗೆ ಮುಂದುವರಿಯಬಹುದು. 2 ಇದ್ದರೆ ಥೆರಪಿಸ್ಟ್ ಎದುರಿಗಿರುವಾಗ ಮಾತ್ರ ಪ್ರಯತ್ನಿಸಿ. 3 ಅಥವಾ 4 ಇದ್ದರೆ ಬೇಡ. ಗೆಣ್ಣು ಜಡ್ಡುಗಟ್ಟಿ ಮಡಚದಿದ್ದರೆ, ಕೈ ಊದಿಕೊಂಡಿದ್ದರೆ, ಹುಣ್ಣಿದ್ದರೆ, ಮುಟ್ಟಿದರೆ ಉರಿಯುವಂಥ ನೋವಿದ್ದರೆ ಅದು ವಾಸಿಯಾಗುವವರೆಗೆ ಕಾಯಿರಿ. ಈ ಪರೀಕ್ಷೆಯನ್ನು ಆಕ್ಯುಪೇಷನಲ್ ಥೆರಪಿಸ್ಟರಿಂದಲೇ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗದಲ್ಲಿ, ಮಣಿಪಾಲದಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಅವರು ಸಿಗುತ್ತಾರೆ.

ಬೆನ್ನುಹುರಿ ಪೆಟ್ಟಾದವರ ವಿಷಯದಲ್ಲಿ ಎರಡು ಎಚ್ಚರಿಕೆ. ಸಿ6 (ಕುತ್ತಿಗೆಯ ಆರನೇ) ಮಟ್ಟದ ಪೆಟ್ಟಿನವರು ಮಣಿಕಟ್ಟು ಮೇಲೆತ್ತಿದಾಗ ಬೆರಳು ತಾವಾಗಿ ಒಳಗೆ ಮಡಚುತ್ತವೆ. ಇದನ್ನು ಟೆನೋಡೆಸಿಸ್ ಹಿಡಿತ ಎನ್ನುತ್ತಾರೆ. ಬೆರಳಿನ ನರಗಟ್ಟು ಕೊಂಚ ಗಿಡ್ಡವಾಗಿರುವುದರಿಂದಲೇ ಅದು ಸಾಧ್ಯ. ತೊಡಿಕೆ ಹಾಕುವಾಗ ಮಣಿಕಟ್ಟನ್ನೂ ಬೆರಳನ್ನೂ ಒಟ್ಟಿಗೆ ನೇರವಾಗಿ ಹಿಂದಕ್ಕೆ ಎಳೆದು ಹಿಗ್ಗಿಸಿದರೆ, ಇರುವ ಆ ಹಿಡಿತವೂ ಹಾಳಾಗುತ್ತದೆ. ಬೆರಳು ಬಿಡಿಸುವಾಗ ಮಣಿಕಟ್ಟನ್ನು ಯಾವಾಗಲೂ ಕೆಳಗೆ ಬಾಗಿಸಿಕೊಳ್ಳಿ. ಎರಡನೆಯದು ಟಿ6 (ಎದೆಭಾಗದ ಆರನೇ ಮಟ್ಟ) ಅಥವಾ ಅದರ ಮೇಲಿನ ಪೆಟ್ಟಿನವರಿಗೆ: ಪೆಟ್ಟಿಗಿಂತ ಕೆಳಗಿನ ಭಾಗದಲ್ಲಿ ಚರ್ಮ ಒತ್ತಿದರೂ ಗಿಲ್ಲಿದರೂ ಅದು ಅವರ ಅರಿವಿಗೆ ಬಾರದೆ ರಕ್ತದೊತ್ತಡ ಅಪಾಯಕ್ಕೇರಬಹುದು. ತಲೆ ಸಿಡಿಯುವುದು, ಮುಖ ಕೆಂಪಾಗುವುದು, ಬೆವರುವುದು ಕಂಡರೆ ತಕ್ಷಣ ತೊಡಿಕೆ ಕಳಚಿ, ನೇರ ಕೂರಿಸಿ, ಬಿಗಿಯಾದುದನ್ನೆಲ್ಲ ಸಡಿಲಿಸಿ. ಇಳಿಯದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಎಷ್ಟು ಬಲ ಬೇಕು

ಅರ್ಧ ಲೀಟರ್ ನೀರಿನ ಬಾಟಲಿಯ ತೂಕ ಸುಮಾರು 5 ನ್ಯೂಟನ್. ಹೆಬ್ಬೆರಳು ಒಂದು ಕಡೆ, ಎರಡು ಬೆರಳು ಇನ್ನೊಂದು ಕಡೆ ಒತ್ತಿ ಹಿಡಿದಾಗ, ರಬ್ಬರಿನ ಘರ್ಷಣಾಂಕ 0.6 ಎಂದಿಟ್ಟುಕೊಂಡರೆ, ಪ್ರತಿ ಕಡೆ 4 ನ್ಯೂಟನ್ ಚಿಲ್ಲರೆ ಸಾಕು. ಸುರಕ್ಷತೆಗೆ ಎರಡರಷ್ಟು ಇಟ್ಟುಕೊಳ್ಳಿ: 8 ನ್ಯೂಟನ್. ಎರಡು ಬೆರಳಿಗೆ ಹಂಚಿದರೆ ತಲಾ 4.

ಆದರೆ ದಾರ ಗೆಣ್ಣಿನ ತೀರಾ ಹತ್ತಿರ ಹಾದುಹೋಗುತ್ತದೆ. ಬುಡದ ಗೆಣ್ಣಿನ ನಡುವಿನಿಂದ ದಾರಕ್ಕೆ ಸುಮಾರು 10 ಮಿ.ಮೀ. ಅಂತರ, ಬೆರಳತುದಿಗೆ 80 ಮಿ.ಮೀ. ಸನ್ನೆಯ ಲೆಕ್ಕದಲ್ಲಿ ದಾರದ ಎಳೆತ ತುದಿಯ ಬಲದ ಏಳೆಂಟು ಪಟ್ಟು ಆಗಬೇಕು. ಹಾಗಾಗಿ ಪ್ರತಿ ಬೆರಳಿನ ದಾರಕ್ಕೆ 30 ನ್ಯೂಟನ್, ಅಂದರೆ 3 ಕೆ.ಜಿ. ಎಳೆತ ಗುರಿ. 4 ಕೆ.ಜಿ. ಕಟ್ಟುನಿಟ್ಟಿನ ಮಿತಿ.

ಎರಡು ಬೆರಳಿಗೆ 60 ನ್ಯೂಟನ್. ಪೆಟ್ಟಿಗೆಯಲ್ಲಿರುವ ಮೋಟಾರಿನಿಂದ ಕೈವರೆಗೆ ದಾರ ಸಾಗುವ ಕೇಬಲ್ ಕವಚ ಒಟ್ಟು ಅರ್ಧ ಸುತ್ತು ಬಾಗಿದರೆ, ಘರ್ಷಣಾಂಕ 0.1 ಇದ್ದಾಗ, ಶೇ. 27ರಷ್ಟು ಎಳೆತ ದಾರಿಯಲ್ಲೇ ಸೋರಿಹೋಗುತ್ತದೆ. ಮೋಟಾರಿನ ಬದಿಯಲ್ಲಿ 82 ನ್ಯೂಟನ್ ಬೇಕಾಯಿತು. ದಾರ ಸುತ್ತುವ 12 ಮಿ.ಮೀ. ತ್ರಿಜ್ಯದ ಸುರುಳಿಗೆ ಅದು ಹತ್ತು ಕೆ.ಜಿ.-ಸೆಂ.ಮೀ. ತಿರುಚುಬಲ (ಟಾರ್ಕ್). ಎಲ್ಲೆಡೆ ಸಿಗುವ ಎಂಜಿ996ಆರ್ ಸರ್ವೋದ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ಗರಿಷ್ಠ ಬಲವೂ ಹತ್ತು-ಹನ್ನೊಂದು. ಅದನ್ನು ಹಾಕಿದರೆ ಪ್ರತಿ ಹಿಡಿತದಲ್ಲೂ ಕುತ್ತಿಗೆಮಟ್ಟ ದುಡಿದು ಕೆಲವೇ ದಿನದಲ್ಲಿ ಸುಡುತ್ತದೆ. 20 ಕೆ.ಜಿ.-ಸೆಂ.ಮೀ. ಸರ್ವೋ ಅರ್ಧ ಶಕ್ತಿಯಲ್ಲಿ ತಣ್ಣಗೆ ಕೆಲಸ ಮಾಡುತ್ತದೆ. 35 ಕೆ.ಜಿ.ಯದು ಬೇಡ. ಪ್ರೋಗ್ರಾಂ ತಪ್ಪಿದ ದಿನ ಅದು ಗೆಣ್ಣು ಮುರಿಯಬಲ್ಲದು.

ನೀರು ತಾಗಿದ ಸ್ಟೀಲ್ ಲೋಟ ಜಾರಿದರೆ ಬಲ ಹೆಚ್ಚಿಸಬೇಡಿ. ಲೋಟಕ್ಕೆ ಅಗಲದ ರಬ್ಬರ್ ಪಟ್ಟಿ ಹಾಕಿ, ಬೆರಳಿಗೆ ನೋಟು ಎಣಿಸುವವರ ರಬ್ಬರ್ ಟೋಪಿ ತೊಡಿಸಿ.

ಸಾಮಾನು

ಎಲೆಕ್ಟ್ರಾನಿಕ್ಸ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಆನ್‌ಲೈನಿನಲ್ಲಿ, ಕೇಬಲ್ ಭಾಗಗಳು ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತವೆ.

- ಡಿಎಸ್3218 ಸರ್ವೋ, 180 ಡಿಗ್ರಿ ಮಾದರಿ, ಲೋಹದ ಹಾರ್ನ್ (ಅಚ್ಚಿಗೆ ಕೂರುವ ತಟ್ಟೆ) ಸಮೇತ: 1
- ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡ್): 1, ಐಎನ್ಎ219 ಕರೆಂಟ್ ಸೆನ್ಸರ್: 1
- 18650 ಲಿಥಿಯಂ ಸೆಲ್: 3, ಜೊತೆಗೆ 3 ಸೆಲ್ಲಿನ ಬಿಎಂಎಸ್ (ಬ್ಯಾಟರಿ ಕಾಯುವ ಬೋರ್ಡ್) ಮತ್ತು 12.6 ವೋಲ್ಟ್ ಚಾರ್ಜರ್
- ವೋಲ್ಟೇಜ್ ಇಳಿಸುವ 5 ಆಂಪಿಯರ್ ಬಕ್ ಕನ್ವರ್ಟರ್ (6 ವೋಲ್ಟಿಗೆ), ಸಣ್ಣ ಬಕ್ (5 ವೋಲ್ಟಿಗೆ), 3 ಆಂಪಿಯರ್ ಫ್ಯೂಸ್, 1000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್, ಬಜರ್
- 3.5 ಮಿ.ಮೀ. ಮೋನೋ ಜ್ಯಾಕ್, 60 ಮಿ.ಮೀ. ಗುಂಡನೆಯ ಪುಶ್ ಬಟನ್
- ಹೆಣೆದ ಪಾಲಿಎಥಿಲೀನ್ ಮೀನುಗಾಳದ ದಾರ, 0.5 ರಿಂದ 0.6 ಮಿ.ಮೀ.: 5 ಮೀಟರ್
- ಸೈಕಲ್ ಬ್ರೇಕ್ ಕೇಬಲ್ಲಿನ ಹೊರಕವಚ, ಒಳಗೆ ಪ್ಲಾಸ್ಟಿಕ್ ಲೈನರ್ ಇರುವಂಥದ್ದು: 60 ಸೆಂ.ಮೀ.ನ 2 ತುಂಡು; ಬ್ಯಾರೆಲ್ ಅಡ್ಜಸ್ಟರ್ (ಬಿಗಿ ಹೊಂದಿಸುವ ತಿರುಪು): 2
- ಪಿಟಿಎಫ್ಇ (ಟೆಫ್ಲಾನ್) ಕೊಳವೆ: ಹೊರವ್ಯಾಸ 2, ಒಳವ್ಯಾಸ 1 ಮಿ.ಮೀ.ನದು ಅರ್ಧ ಮೀಟರ್, 4/2 ಮಿ.ಮೀ.ನದು ಒಂದು ಗೇಣು
- ಸಣ್ಣ ಬೇರಿಂಗ್ ರಾಟೆ, 12 ರಿಂದ 15 ಮಿ.ಮೀ. ವ್ಯಾಸ: 1, ಸೈಕಲ್ ಸ್ಪೋಕ್, 1.8 ಮಿ.ಮೀ.: 1
- 3 ಮಿ.ಮೀ. ನಿಯೋಪ್ರೀನ್, 25 ಮಿ.ಮೀ. ವೆಲ್ಕ್ರೋ, ಹಿಗ್ಗದ ನೈಲಾನ್ ಪಟ್ಟಿ, 2 ಮಿ.ಮೀ. ಎಲಾಸ್ಟಿಕ್ ದಾರ
- 2.4 ಮಿ.ಮೀ. ದಪ್ಪದ ಥರ್ಮೋಪ್ಲಾಸ್ಟಿಕ್ ಸ್ಪ್ಲಿಂಟ್ ಶೀಟ್, ಅಂಗೈ ಅಗಲದ್ದು

ಥರ್ಮೋಪ್ಲಾಸ್ಟಿಕ್ ಬಿಟ್ಟರೆ ಉಳಿದುದೆಲ್ಲ ಸುಮಾರು ನಾಲ್ಕೈದು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ಶೀಟನ್ನು ಇಡಿಯಾಗಿ ಕೊಳ್ಳುವ ಬದಲು ಸ್ಪ್ಲಿಂಟ್ ಮಾಡುವ ಥೆರಪಿಸ್ಟರಲ್ಲಿ ತುಂಡು ಕೇಳಿ.

ಹೆಬ್ಬೆರಳು

ಹೆಬ್ಬೆರಳಿಗೆ ಮೋಟಾರು ಹಾಕಬೇಡಿ. ಅದರ ಬುಡ ಹಲವು ದಿಕ್ಕಿಗೆ ಹೊರಳುತ್ತದೆ. ಒಂದೇ ದಾರದಿಂದ ಎಳೆದರೆ ಅಂಗೈಗೆ ಅಡ್ಡಲಾಗಿ ಮಡಚಿಕೊಂಡು ಬೆರಳುಗಳಿಗೆ ಎದುರು ನಿಲ್ಲದೆ ತಪ್ಪಿಸಿಕೊಳ್ಳುತ್ತದೆ. ಅದನ್ನು ಸ್ಪ್ಲಿಂಟಿನಲ್ಲಿ ಕಂಬದಂತೆ ನಿಲ್ಲಿಸಿ, ತೋರುಬೆರಳು ಮತ್ತು ನಡುಬೆರಳು ಬಂದು ಅದಕ್ಕೆ ಒರಗಲಿ. ಮೂರು ಬಿಂದುವಿನ ಈ ಹಿಡಿತ ಲೋಟಕ್ಕೆ, ಚಮಚಕ್ಕೆ, ಹಲ್ಲುಜ್ಜುವ ಬ್ರಷ್ಷಿಗೆ, ಫೋನಿಗೆ ಸಾಕು.

ಶೀಟನ್ನು 65 ರಿಂದ 70 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಚಪಾತಿ ಹಿಟ್ಟಿನಂತೆ ಮೆತ್ತಗಾಗುತ್ತದೆ. ಬಟ್ಟೆಯ ಮೇಲೆ ಒರೆಸಿ, ನಿಮ್ಮ ಮುಂದೋಳಿನ ಒಳಭಾಗಕ್ಕೆ ತಾಗಿಸಿ ಬಿಸಿ ನೋಡಿದ ಮೇಲೆಯೇ ಅವರ ಕೈಗೆ ಹಾಕಿ. ಸ್ಪರ್ಶಜ್ಞಾನವಿಲ್ಲದ ಕೈ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಹೆಬ್ಬೆರಳನ್ನು ಅಂಗೈಯಿಂದ ಮುಂದಕ್ಕೆ 40 ರಿಂದ 45 ಡಿಗ್ರಿ ಚಾಚಿ, ಅದರ ಮೆತ್ತೆ ಎರಡು ಬೆರಳಿನ ನಡುವಿಗೆ ನೇರ ಎದುರಾಗುವಂತೆ ಹಿಡಿದು ಮೂರು ನಾಲ್ಕು ನಿಮಿಷ ಗಟ್ಟಿಯಾಗಲು ಬಿಡಿ. ಅಂಚುಗಳನ್ನು ಮತ್ತೆ ಬಿಸಿ ಮಾಡಿ ಹೊರಕ್ಕೆ ಮಡಚಿ. ಚೂಪು ಅಂಚು ಒಂದೇ ದಿನದಲ್ಲಿ ಹುಣ್ಣು ಮಾಡುತ್ತದೆ.

ಮಣಿಕಟ್ಟು ಜೋತುಬೀಳುವುದಾದರೆ ಅದೇ ಸ್ಪ್ಲಿಂಟನ್ನು ಮುಂದೋಳಿನವರೆಗೆ ಚಾಚಿ, ಮಣಿಕಟ್ಟು 20 ರಿಂದ 30 ಡಿಗ್ರಿ ಮೇಲೆದ್ದು ನಿಲ್ಲುವಂತೆ ಮಾಡಿ. ಟೆನೋಡೆಸಿಸ್ ಹಿಡಿತ ಇರುವವರಿಗೆ ಮಾತ್ರ ಮಣಿಕಟ್ಟು ಕಟ್ಟಬೇಡಿ.

ಬೆರಳಿನ ತೊಡಿಕೆ

ಪೂರ್ತಿ ಕೈಗವಸು ಬೇಡ. ಚಲನೆಯಿಲ್ಲದ ಐದು ಬೆರಳನ್ನು ಐದು ತೂತಿಗೆ ತೂರಿಸುವುದು ಎಷ್ಟು ಕಷ್ಟವೆಂದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತು. ಕರಾವಳಿಯ ಸೆಕೆಯಲ್ಲಿ ಒಳಗೆಲ್ಲ ಬೆವರಿ ಚರ್ಮ ಬಿಳುಚಿಕೊಳ್ಳುತ್ತದೆ. ಅಂಗೈ ಬರಿದಾಗಿದ್ದರೆ ಇರುವಷ್ಟು ಸ್ಪರ್ಶವೂ ಉಳಿಯುತ್ತದೆ. ಪ್ರತಿ ಬೆರಳಿಗೆ ಮೂರು ಬಿಡಿ ತುಂಡು ಮಾಡಿ: ಒಂದು ತುದಿಟೋಪಿ, ಎರಡು ಉಂಗುರ.

ತುದಿಟೋಪಿ ನಿಯೋಪ್ರೀನಿನದು. ಒಳಗೆ ತುದಿಯಲ್ಲಿ 3 ಮಿ.ಮೀ. ಮೆತ್ತನೆಯ ಸಿಲಿಕೋನ್ ಇರಲಿ, ಉಗುರಿನ ಮೇಲೆ ಕಿಟಕಿ ತೆರೆದಿರಲಿ. ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನಲ್ಲಿ ಕೆಂಪು ಮರಳಬೇಕು. ರಕ್ತ ಓಡುತ್ತಿದೆಯೇ ಎಂದು ತಿಳಿಯುವುದು ಈ ಕಿಟಕಿಯಿಂದಲೇ. ಟೋಪಿಯ ಉದ್ದ ತುದಿಗೆಣ್ಣನ್ನು ದಾಟಿರಲಿ, ಒಳಗೆ ಥರ್ಮೋಪ್ಲಾಸ್ಟಿಕ್ಕಿನ ಸಣ್ಣ ದೋಣಿ ಇಟ್ಟು ಆ ಗೆಣ್ಣನ್ನು 10 ರಿಂದ 20 ಡಿಗ್ರಿ ಬಾಗಿದಲ್ಲೇ ಕಟ್ಟಿಹಾಕಿ. ಇದನ್ನು ಬಿಟ್ಟರೆ ದಾರ ಎಳೆದಾಗ ಎಲ್ಲಕ್ಕಿಂತ ಸಡಿಲವಾದ ತುದಿಗೆಣ್ಣು ಮೊದಲು ಕೊಕ್ಕೆಯಂತೆ ಮಡಚಿ, ಉಗುರಿನ ತುದಿ ಲೋಟಕ್ಕೆ ತಾಗುತ್ತದೆ, ಮೆತ್ತೆ ತಾಗುವುದಿಲ್ಲ. ಮೊದಲ ಸಲ ಕಟ್ಟುವವರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ.

ಉಂಗುರಗಳು ಬೆರಳಿನ ನಡುಖಂಡ ಮತ್ತು ಬುಡಖಂಡದ ಮೇಲೆ ಕೂರುತ್ತವೆ. ಕನಿಷ್ಠ 15 ಮಿ.ಮೀ. ಅಗಲವಿರಲಿ, ಬೆನ್ನಿನ ಕಡೆ ವೆಲ್ಕ್ರೋದಿಂದ ಮುಚ್ಚುವಂತಿರಲಿ. ಗೆಣ್ಣಿನ ಗೆರೆಯಿಂದ 5 ಮಿ.ಮೀ. ದೂರ ಬಿಡಿ, ಇಲ್ಲವಾದರೆ ಬೆರಳು ಪೂರ್ತಿ ಮಡಚಿದಾಗ ಎರಡು ಉಂಗುರದ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಅಂಗೈ ಬದಿಯಲ್ಲಿ 10 ಮಿ.ಮೀ. ಉದ್ದದ ಸಣ್ಣ ಪಿಟಿಎಫ್ಇ ಕೊಳವೆ ಹೊಲಿಯಿರಿ. ದಾರ ಟೋಪಿಯಿಂದ ಹೊರಟು ಇವೆರಡರ ಮೂಲಕ ಅಂಗೈಗೆ ಬರುತ್ತದೆ.

ಈ ದಾರ ನುಣುಪು. ಸಾಮಾನ್ಯ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪಲೋಮರ್ ಗಂಟು (ಮೀನುಗಾಳ ಕಟ್ಟುವ ಗಂಟು) ಹಾಕಿ, ನೀರಲ್ಲಿ ನೆನೆಸಿ ಬಿಗಿದು, ಮೇಲೆ ಒಂದು ಹನಿ ಸೂಪರ್‌ಗ್ಲೂ ಬಿಡಿ. ಗಂಟಿನಲ್ಲಿ ಬಲ ಸುಮಾರು ಅರ್ಧಕ್ಕಿಳಿಯುತ್ತದೆ, ಆದರೂ ದಪ್ಪ ದಾರದಲ್ಲಿ ನಮ್ಮ 3 ಕೆ.ಜಿ.ಗೆ ಹಲವು ಪಟ್ಟು ಮಿಗುತ್ತದೆ. ತುದಿಯನ್ನು ಕತ್ತರಿಯಿಂದ ಕತ್ತರಿಸಿ. 150 ಡಿಗ್ರಿಯೊಳಗೇ ಕರಗುವ ದಾರವಾದ್ದರಿಂದ ಬೆಸುಗೆ ಕಡ್ಡಿಯನ್ನು ಹತ್ತಿರ ತರಬೇಡಿ.

ಬೆರಳ ಬೆನ್ನಿನ ಮೇಲೆ ಟೋಪಿಯಿಂದ ಕೈಯ ಮೇಲ್ಭಾಗದ ಪಟ್ಟಿಯವರೆಗೆ ಎಲಾಸ್ಟಿಕ್ ಹಾಕಿ. ಬೆರಳು ಬಿಡಿಸಲು ಬೇಕಾದಷ್ಟೇ ಬಿಗಿ, 5 ರಿಂದ 8 ನ್ಯೂಟನ್. ಅದಕ್ಕಿಂತ ಹೆಚ್ಚಾದರೆ ಸರ್ವೋ ಸುಮ್ಮನೆ ಎಲಾಸ್ಟಿಕ್ ಜೊತೆ ಗುದ್ದಾಡುತ್ತದೆ.

ಅಂಗೈಯ ಆಧಾರ

ಇಡೀ ಸಾಧನದ ಹಣೆಬರಹ ಇಲ್ಲಿದೆ. ದಾರ ಬೆರಳನ್ನು ಹಿಂದಕ್ಕೆ ಎಳೆದಷ್ಟೇ ಬಲದಿಂದ ಹೊರಕವಚದ ತುದಿ ಅಂಗೈಯ ತುಂಡನ್ನು ಮುಂದಕ್ಕೆ, ಬೆರಳಿನ ಕಡೆಗೆ ತಳ್ಳುತ್ತದೆ: 60 ನ್ಯೂಟನ್, 6 ಕೆ.ಜಿ. ಆಧಾರ ಬಟ್ಟೆಗೆ ಹೊಲಿದದ್ದಾಗಿದ್ದರೆ ಬಟ್ಟೆ ಮುದುರಿ ಮುಂದೆ ಜಾರಿ, ಸರ್ವೋ ಪೂರ್ತಿ ತಿರುಗಿದರೂ ಬೆರಳು ಅರ್ಧಕ್ಕೇ ನಿಲ್ಲುತ್ತದೆ. ಆಗ ಮೋಟಾರು ಸಾಲದೆಂದು ತಿಳಿದು ದೊಡ್ಡದು ತರುವವರು ಬಹಳ.

ಅಂಗೈ ಬುಡಕ್ಕೆ ಕೂರುವ 50x25 ಮಿ.ಮೀ. ಥರ್ಮೋಪ್ಲಾಸ್ಟಿಕ್ ತಟ್ಟೆ ಮಾಡಿ, ಎರಡು ಕವಚದ ತುದಿ ಅದರಲ್ಲಿ ನಾಟುವಂತೆ ಕುಳಿ ಕೊರೆಯಿರಿ. ತಟ್ಟೆಯನ್ನು ಹಿಗ್ಗದ ನೈಲಾನ್ ಪಟ್ಟಿಯಿಂದ ಮಣಿಕಟ್ಟಿನ ಪಟ್ಟಿಗೆ ಬಿಗಿಯಾಗಿ ಕಟ್ಟಿ. ಮಣಿಕಟ್ಟು ಕೈಗಿಂತ ಕಿರಿದು. ಅದನ್ನು ಸುತ್ತಿದ ಪಟ್ಟಿ ಮುಂದೆ ಜಾರಲು ಹೋಗಿ ಹೆಬ್ಬೆರಳ ಬುಡದ ಉಬ್ಬಿಗೆ ಸಿಕ್ಕಿ ನಿಲ್ಲುತ್ತದೆ. ಈ ದೇಹರಚನೆಯೇ ನಮ್ಮ ಗೂಟ. ಪಟ್ಟಿಯ ಕೆಳಗೆ ನಿಯೋಪ್ರೀನ್ ಇಡಿ. ಕವಚ ಅಂಗೈವರೆಗೂ ಬರಲೇಬೇಕು. ಮುಂದೋಳಲ್ಲೇ ನಿಲ್ಲಿಸಿದರೆ ದಾರ ಬೆರಳಿಗಿಂತ ಮೊದಲು ಮಣಿಕಟ್ಟನ್ನೇ ಮಡಚಿಬಿಡುತ್ತದೆ.

ಪೆಟ್ಟಿಗೆ: ಸುರುಳಿ, ತೇಲುರಾಟೆ, ಕಳಚುಪಿನ್

ಪೆಟ್ಟಿಗೆ ಗಾಲಿಕುರ್ಚಿಯ ಕೈಯಾಸರೆಯ ಮೇಲೋ ಸೊಂಟದ ಬೆಲ್ಟಿನಲ್ಲೋ ಇರಲಿ. ಕೈಮೇಲೆ ಬರುವ ತೂಕ 100 ಗ್ರಾಂ ಮೀರದಿರಲಿ. ದುರ್ಬಲ ಭುಜಕ್ಕೆ ಸರ್ವೋ ಮತ್ತು ಬ್ಯಾಟರಿಯ ಭಾರ ಸಣ್ಣದಲ್ಲ.

ಸುರುಳಿ 12 ಮಿ.ಮೀ. ತ್ರಿಜ್ಯದ್ದು, 4 ಮಿ.ಮೀ. ಆಳದ ತೋಡು ಇರುವಂತೆ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಮಾಡಿ ಲೋಹದ ಹಾರ್ನಿಗೆ ನಾಲ್ಕು ಸ್ಕ್ರೂ ಹಾಕಿ. ಸರ್ವೋದ ಅಚ್ಚಿಗೆ ಕೂರುವ ಹಲ್ಲುಗಳನ್ನೇ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದರೆ ಉಜ್ಜಿಹೋಗುತ್ತವೆ. 170 ಡಿಗ್ರಿಗೆ 35 ಮಿ.ಮೀ. ದಾರ ಸುತ್ತುತ್ತದೆ. ವಯಸ್ಕರ ಬೆರಳಿಗೆ ಸಾಮಾನ್ಯವಾಗಿ ಇಷ್ಟು ಸಾಕು, ಆದರೂ ಬೆರಳನ್ನು ಕೈಯಿಂದ ಮಡಚಿ ದಾರ ಎಷ್ಟು ಸರಿಯುತ್ತದೆ ಎಂದು ಸ್ಕೇಲಿನಿಂದ ಅಳೆದೇ ನಿರ್ಧರಿಸಿ. ದಾರ ಸಡಿಲವಾದಾಗ ತೋಡಿನಿಂದ ಹಾರದಂತೆ ಸುರುಳಿಯ ಸುತ್ತ ಮುಚ್ಚಳ ಬೇಕು. ನಡುವಿನ ಸಂದು 0.3 ಮಿ.ಮೀ., ಅಂದರೆ ದಾರದ ದಪ್ಪಕ್ಕಿಂತ ಕಡಿಮೆ.

ಎರಡು ಬೆರಳಿನ ದಾರವೂ ಒಂದೇ ದಾರ. ಅದು ಎಲ್ಲಿಗೂ ಬಿಗಿಯದ ತೇಲುರಾಟೆಯ ಸುತ್ತ ಬಳಸಿ ಎರಡು ಕಡೆ ಹೋಗುತ್ತದೆ, ಸರ್ವೋ ಎಳೆಯುವುದು ರಾಟೆಯ ನಡುವನ್ನು. ತೋರುಬೆರಳು ಮೊದಲೇ ವಸ್ತುವಿಗೆ ತಾಗಿ ನಿಂತರೆ ನಡುಬೆರಳು ಮುಂದುವರಿಯುತ್ತದೆ, ಎರಡರ ಎಳೆತ ಸದಾ ಸಮ. ಓರೆಯ ವಸ್ತು, ಚಮಚದ ಹಿಡಿ, ಮಾವಿನಹಣ್ಣು ಯಾವುದಾದರೂ ಬೆರಳು ತಾವೇ ಆಕಾರ ಹುಡುಕಿಕೊಳ್ಳುತ್ತವೆ. ಸೆನ್ಸರ್ ಇಲ್ಲದೆ ಬರುವ ಈ ಜಾಣತನ ನೋಡಲೇ ಖುಷಿ.

ಕಳಚುಪಿನ್ ಇಲ್ಲದೆ ಯಾರ ಕೈಗೂ ಇದನ್ನು ಹಾಕಬೇಡಿ. ಕರೆಂಟ್ ಹೋದರೂ ಸರ್ವೋದ ಗಿಯರ್ ದಾರವನ್ನು ಹಿಡಿದುಕೊಂಡಿರಬಹುದು. ಪ್ರೋಗ್ರಾಂ ನಿಂತರೆ ಕೆಲವು ಡಿಜಿಟಲ್ ಸರ್ವೋಗಳು ಕೊನೆಯ ಸ್ಥಾನದಲ್ಲೇ ಬಿಗಿಯಾಗಿ ಉಳಿಯುತ್ತವೆ. ಆದ್ದರಿಂದ ಸುರುಳಿಯ ದಾರಕ್ಕೂ ರಾಟೆಗೂ ನಡುವಿನ ಕೊಂಡಿ ಒಂದು ಪಿನ್ನಿನಿಂದ ಸೇರಿರಬೇಕು. ಪಿನ್ನಿಗೆ 1.8 ಮಿ.ಮೀ. ಸ್ಪೋಕ್ ತುಂಡು, ಅದು ಕೂರುವ ತೂತಿಗೆ 4/2ರ ಪಿಟಿಎಫ್ಇ ಕೊಳವೆಯ ಒಳಪದರ. ಬರಿಯ ಪ್ಲಾಸ್ಟಿಕ್ ತೂತಿನಲ್ಲಿ ಭಾರವಿದ್ದಾಗ ಪಿನ್ ಎಳೆಯಲು 2 ಕೆ.ಜಿ. ಮೀರಿ ಬಲ ಬೇಕಾಗುತ್ತದೆ, ಪಿಟಿಎಫ್ಇ ಇದ್ದರೆ 1 ಕೆ.ಜಿ.ಯೊಳಗೆ. ಪಿನ್ನಿಗೆ ಅಗಲದ ರಿಬ್ಬನ್ ಕುಣಿಕೆ ಕಟ್ಟಿ, ಬಳಸುವವರ ಇನ್ನೊಂದು ಕೈಗೋ ಹಲ್ಲಿಗೋ ಸಿಗುವಂತೆ ಬಿಡಿ. ಪೂರ್ತಿ ಎಳೆತವಿದ್ದಾಗ ಅವರೇ ಪಿನ್ ಎಳೆದು ತೋರಿಸಬೇಕು.

ವೈರಿಂಗ್

ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ಸ್ವಿಚ್, ಅಲ್ಲಿಂದ ಎರಡು ಕವಲು. ದೊಡ್ಡ ಬಕ್ 6 ವೋಲ್ಟಿಗೆ ಹೊಂದಿಸಿ (ಸರ್ವೋ ಜೋಡಿಸುವ ಮುನ್ನವೇ ಮೀಟರಿನಲ್ಲಿ ನೋಡಿ), ಐಎನ್ಎ219 ಮೂಲಕ ಸರ್ವೋಗೆ. ಸಣ್ಣ ಬಕ್ ನ್ಯಾನೋದ 5 ವೋಲ್ಟ್ ಪಿನ್ನಿಗೆ. ಒಂದೇ ಬಕ್ಕಿನಿಂದ ಎರಡಕ್ಕೂ ಕೊಟ್ಟರೆ ಸರ್ವೋ ಹೊರಡುವಾಗ ವೋಲ್ಟೇಜ್ ಕುಸಿದು ನ್ಯಾನೋ ರೀಸೆಟ್ ಆಗುತ್ತದೆ. ಕೆಪಾಸಿಟರ್ ಸರ್ವೋ ಕನೆಕ್ಟರಿನ ಪಕ್ಕದಲ್ಲೇ ಇರಲಿ. ಗ್ರೌಂಡ್ ಎಲ್ಲವೂ ಒಂದೆಡೆ ಸೇರಲಿ. ಬ್ಯಾಟರಿ ವೋಲ್ಟೇಜ್ ಓದಲು 20 ಕಿಲೋಓಂ ಮತ್ತು 10 ಕಿಲೋಓಂ ರೆಸಿಸ್ಟರ್ ಹಾಕಿದರೆ 12.6 ವೋಲ್ಟ್ 4.2 ಆಗಿ ಕಾಣುತ್ತದೆ. ಚಾರ್ಜ್ ಆಗುವಾಗ ತೊಡಿಕೆ ಯಾರ ಕೈಯಲ್ಲೂ ಇರಕೂಡದು.

ಪ್ರೋಗ್ರಾಮಿನ ನಡೆ

ಬಟನ್ ಒಮ್ಮೆ ಒತ್ತಿದರೆ ಮುಚ್ಚು, ಮತ್ತೆ ಒತ್ತಿದರೆ ತೆರೆ, ಮುಚ್ಚುತ್ತಿರುವಾಗ ಒತ್ತಿದರೂ ತೆರೆ. ಮುಚ್ಚುವಾಗ ಪ್ರತಿ 15 ಮಿಲಿಸೆಕೆಂಡಿಗೆ 1 ಡಿಗ್ರಿ, ಪೂರ್ತಿ ಮುಚ್ಚಲು ಎರಡೂವರೆ ಸೆಕೆಂಡ್. ಇದಕ್ಕಿಂತ ವೇಗವಾದರೆ ಸೌಮ್ಯ ಬಿಗಿತವಿರುವ ಕೈಯೂ ಎಳೆತಕ್ಕೆ ಪ್ರತಿಯಾಗಿ ಸೆಟೆದುಕೊಳ್ಳುತ್ತದೆ. ಬಿಗಿತಕ್ಕೆ ವೇಗವೇ ಕೆರಳಿಕೆ.

ಪ್ರತಿ 20 ಮಿಲಿಸೆಕೆಂಡಿಗೆ ಕರೆಂಟ್ ಓದಿ, ಐದು ಓದಿನ ಸರಾಸರಿ ತೆಗೆಯಿರಿ. ಹೊರಟ ಮೊದಲ 200 ಮಿಲಿಸೆಕೆಂಡಿನ ಏರಿಕೆಯನ್ನು ಲೆಕ್ಕಿಸಬೇಡಿ. ಆಮೇಲೆ ಮಿತಿ 150 ಮಿಲಿಸೆಕೆಂಡ್ ಸತತ ದಾಟಿದರೆ ನಿಲ್ಲಿಸಿ, 3 ಡಿಗ್ರಿ ಹಿಂದೆ ಬನ್ನಿ. ಹಿಂದೆ ಬಂದರೂ ಹಿಡಿತ ಬಿಡುವುದಿಲ್ಲ. ಎಳೆಯುವಾಗ ನಷ್ಟ ಮಾಡಿದ ಕವಚದ ಘರ್ಷಣೆಯೇ ಈಗ ದಾರವನ್ನು ತಡೆದು ಹಿಡಿಯುತ್ತದೆ, ಸರ್ವೋದ ಹೊರೆ ಅರ್ಧದ ಹತ್ತಿರ ಇಳಿಯುವವರೆಗೂ ಬೆರಳಿನ ಬದಿಯ ಎಳೆತ ಹಾಗೇ ಉಳಿಯುತ್ತದೆ. ಸರ್ವೋ ಬಿಸಿಯಾಗದಿರುವುದು ಇದರಿಂದ.

ಮಿತಿ ಯಾವ ಸಂಖ್ಯೆ ಎಂಬುದನ್ನು ಊಹಿಸಬೇಡಿ. ಬೆರಳಿನ ಎರಡೂ ದಾರದ ತುದಿಯನ್ನು ಒಂದೊಂದು ಡಿಜಿಟಲ್ ಕೊಕ್ಕೆ ತಕ್ಕಡಿಗೆ ಕಟ್ಟಿ, ಕವಚವನ್ನು ತೊಟ್ಟಾಗ ಇರುವಂತೆಯೇ ಬಾಗಿಸಿ, ಪ್ರತಿ ತಕ್ಕಡಿ 3 ಕೆ.ಜಿ. ತೋರುವಾಗಿನ ಕರೆಂಟ್ ಬರೆದಿಟ್ಟುಕೊಳ್ಳಿ. ಐದು ಸಲ ಮಾಡಿ, ಬಂದುದರಲ್ಲಿ ಚಿಕ್ಕದನ್ನು ಮಿತಿಯಾಗಿಡಿ. ಮೊದಲ ವಾರ ಇದರ ಅರ್ಧದಲ್ಲೇ ಓಡಿಸಿ.

ಇನ್ನೆರಡು ಸಂಗತಿ. ಸರ್ವೋ ಆನ್ ಆದಾಗ ಹೇಳಿದ ಕೋನಕ್ಕೆ ಒಮ್ಮೆಗೇ ಪೂರ್ಣ ವೇಗದಲ್ಲಿ ಜಿಗಿಯುತ್ತದೆ. ಹಾಗಾಗಿ ತೆರೆದ ಸ್ಥಾನದ ಕೋನವನ್ನು ಬರೆದ ನಂತರವೇ ಸರ್ವೋವನ್ನು ಅಟ್ಯಾಚ್ ಮಾಡಿ, ಪವರ್ ಹಾಕಿದ ಮೇಲೆಯೇ ಪಿನ್ ಸೇರಿಸುವ ರೂಢಿ ಇಟ್ಟುಕೊಳ್ಳಿ. ಬ್ಯಾಟರಿ 9.6 ವೋಲ್ಟಿಗೆ ಇಳಿದರೆ ಬಜರ್ ಬಾರಿಸಿ, 10 ಸೆಕೆಂಡ್ ಬಿಟ್ಟು ಕೈ ನಿಧಾನ ತೆರೆಯಲಿ. ಹಾಗೆಂದು ಹೇಳದೆ ಕೇಳದೆ ತೆರೆದರೆ ಕೈಯಲ್ಲಿದ್ದ ಲೋಟ ಮಡಿಲಿಗೆ ಬೀಳುತ್ತದೆ.

ಆಜ್ಞೆ ಕೊಡುವುದು ಹೇಗೆ

ಬಟನ್ನಿನಿಂದಲೇ ಶುರುಮಾಡಿ. 3.5 ಮಿ.ಮೀ. ಮೋನೋ ಜ್ಯಾಕ್ ಇಟ್ಟರೆ ಕಾಲಿನ ಸ್ವಿಚ್, ಗಲ್ಲದ ಸ್ವಿಚ್, ಊದುವ ಸ್ವಿಚ್ ಯಾವುದನ್ನಾದರೂ ಚುಚ್ಚಬಹುದು. ಅಂಗವಿಕಲರ ಸ್ವಿಚ್‌ಗಳಿಗೆ ಇದೇ ರೂಢಿಯ ಜ್ಯಾಕ್. ಮಣಿಕಟ್ಟು ಎತ್ತಬಲ್ಲವರಿಗೆ ಮಣಿಕಟ್ಟಿನ ಮೇಲೆ ಬಾಗುವಿಕೆ ಅಳೆಯುವ ಫ್ಲೆಕ್ಸ್ ಸೆನ್ಸರ್ ಇಟ್ಟು, ಎತ್ತಿದರೆ ಮುಚ್ಚು, ಇಳಿಸಿದರೆ ತೆರೆ ಎಂದು ಮಾಡಿದರೆ ಕಲಿಯಲು ಏನೂ ಉಳಿಯುವುದಿಲ್ಲ. ಅವರ ದೇಹ ಆಗಲೇ ಹಾಗೆ ಮಾಡುತ್ತಿದೆ.

ಸ್ನಾಯುವಿನ ವಿದ್ಯುತ್ತಿನಿಂದ, ಅಂದರೆ ಇಎಂಜಿಯಿಂದ ನಡೆಸುವ ಆಸೆ ಎಲ್ಲರಿಗೂ ಇರುತ್ತದೆ. ಅಪ್‌ಸೈಡ್ ಡೌನ್ ಲ್ಯಾಬ್ಸ್‌ನ ಬಯೋಆಂಪ್ ಎಕ್ಸ್‌ಜಿ ಪಿಲ್‌ನಂಥ ಭಾರತೀಯ ಬೋರ್ಡುಗಳು ಸಿಗುತ್ತವೆ. ಸೆಕೆಂಡಿಗೆ 1000 ಮಾದರಿ ತೆಗೆದು, 20 ರಿಂದ 450 ಹರ್ಟ್ಸ್ ಉಳಿಸಿ, 50 ಹರ್ಟ್ಸಿನ ಮನೆಯ ಕರೆಂಟ್ ಗದ್ದಲ ಕಳೆಯಿರಿ. ವಿಶ್ರಾಂತಿಯ ಸರಾಸರಿಗೆ ಮೂರು ಪಟ್ಟು ಪ್ರಮಾಣ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಷನ್) ಕೂಡಿಸಿದ್ದು ಮಿತಿ. ಎಲೆಕ್ಟ್ರೋಡ್ ಬೆವರಿಗೆ ಸಡಿಲವಾದರೆ ಕೈ ತಾನಾಗಿ ಮುಚ್ಚುತ್ತದೆ, ಆದ್ದರಿಂದ ಬಟನ್ನನ್ನು ಮಾತ್ರ ಕಿತ್ತುಹಾಕಬೇಡಿ. ಮೈಗೆ ಎಲೆಕ್ಟ್ರೋಡ್ ಅಂಟಿಸಿರುವಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ, ಚಾರ್ಜರ್ ಗೋಡೆಗೆ ಚುಚ್ಚಿರಬಾರದು.

ಮೊದಲ ದಿನಗಳು

ಮೊದಲು ನಿಮ್ಮ ಕೈಗೆ ಹಾಕಿ 50 ಸಲ ಮುಚ್ಚಿ ತೆರೆಯಿರಿ. ಆಮೇಲೆ ಅವರ ಕೈಗೆ ಮೋಟಾರಿಲ್ಲದೆ 15 ನಿಮಿಷ ತೊಡಿಸಿ, ಕಳಚಿ ನೋಡಿ. ಕೆಂಪು ಗುರುತು 30 ನಿಮಿಷದಲ್ಲಿ ಮಾಯವಾಗದಿದ್ದರೆ ಆ ಜಾಗದ ಪಟ್ಟಿ ತಿದ್ದದೆ ಮುಂದುವರಿಯಬೇಡಿ. ಚರ್ಮ ಒಗ್ಗಿದಂತೆ ದಿನಕ್ಕೆ 15 ನಿಮಿಷ ಹೆಚ್ಚಿಸಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಬೆರಳಿನಿಂದ ಮುಟ್ಟಿ ಬಿಸಿ ಅಥವಾ ಗಡಸು ಇದೆಯೇ ನೋಡಿ.

ವಸ್ತುಗಳ ಸರದಿ: ಸ್ಪಂಜು, ಖಾಲಿ ಪ್ಲಾಸ್ಟಿಕ್ ಬಾಟಲಿ, ಖಾಲಿ ಲೋಟ, ತಣ್ಣೀರು ಅರ್ಧ ತುಂಬಿದ ಲೋಟ. ಬಿಸಿ ಕಾಫಿಯನ್ನು ತಿಂಗಳು ಕಳೆಯುವವರೆಗೆ ದೂರವಿಡಿ. ಅನ್ನ ಸಾರು ಕಲಸಿ ಉಣ್ಣಲು ಇದು ಬಾರದು, ಚಮಚದ ಹಿಡಿಗೆ ಸ್ಪಂಜಿನ ಕೊಳವೆ ಸುತ್ತಿ ದಪ್ಪ ಮಾಡಿಕೊಂಡರೆ ಊಟ ಸಾಧ್ಯ.

ಉಪಯೋಗವಾಗುತ್ತಿದೆಯೇ ಎಂಬುದನ್ನು ಎಣಿಸಿ ತಿಳಿಯಿರಿ. ಥೆರಪಿಯಲ್ಲಿ ಬಳಸುವ ಬಾಕ್ಸ್ ಆ್ಯಂಡ್ ಬ್ಲಾಕ್ ಪರೀಕ್ಷೆ ಮನೆಯಲ್ಲೂ ಆಗುತ್ತದೆ: 2.5 ಸೆಂ.ಮೀ.ನ ಮರದ ಘನಗಳನ್ನು 15.2 ಸೆಂ.ಮೀ. ಎತ್ತರದ ಅಡ್ಡಗೋಡೆ ದಾಟಿಸಿ 60 ಸೆಕೆಂಡಿನಲ್ಲಿ ಎಷ್ಟು ಸಾಗಿಸಿದರು ಎಂಬ ಎಣಿಕೆ. ತೊಡಿಕೆ ಇಲ್ಲದೆ ಒಮ್ಮೆ, ತೊಟ್ಟು ಒಮ್ಮೆ, ವಾರಕ್ಕೊಮ್ಮೆ ಬರೆದಿಡಿ. ಎರಡು ತಿಂಗಳಾದರೂ ತೊಟ್ಟಾಗಿನ ಎಣಿಕೆ ಮೇಲೇರದಿದ್ದರೆ ಕೆಲಸದ ಆಯ್ಕೆ ಅಥವಾ ಹೆಬ್ಬೆರಳಿನ ಕೋನ ತಪ್ಪಿದೆ.

ಇದು ಮನೆಯವರೊಬ್ಬರಿಗೆ ಕಟ್ಟಿಕೊಳ್ಳುವ ಸಾಧನ. ಮಾರಲು ಹೊರಟರೆ 2017ರ ವೈದ್ಯಕೀಯ ಸಾಧನ ನಿಯಮಗಳು ಅನ್ವಯವಾಗುತ್ತವೆ.

ಕೆಟ್ಟಾಗ

ಬೆರಳು ಅರ್ಧಕ್ಕೇ ನಿಂತರೆ ಅಂಗೈ ತಟ್ಟೆ ಮುಂದೆ ಜಾರಿದೆಯೇ ನೋಡಿ. ಅದು ಸರಿಯಿದ್ದರೆ ದಾರ ಹಿಗ್ಗಿದೆ. ಪಾಲಿಎಥಿಲೀನ್ ದಾರ ಭಾರದಲ್ಲಿ ದಿನಗಳೆದಂತೆ ನೀಳವಾಗುತ್ತದೆ, ಬ್ಯಾರೆಲ್ ಅಡ್ಜಸ್ಟರ್ ಒಂದೆರಡು ಸುತ್ತು ತಿರುಗಿಸಿದರೆ ಸಾಕು. ವಸ್ತುವಿಗೆ ತಾಗುವ ಮೊದಲೇ ನಿಲ್ಲುತ್ತಿದ್ದರೆ ಕವಚ ಎಲ್ಲೋ ಮುರಿದು ಬಾಗಿದೆ. ಘರ್ಷಣೆ ಏರಿ ಕರೆಂಟ್ ಮಿತಿ ಬೇಗ ದಾಟುತ್ತಿದೆ. ಮಿತಿ ಏರಿಸಬೇಡಿ, ಕವಚ ಬದಲಿಸಿ. ಸರ್ವೋ ಹಿಡಿದಲ್ಲೇ ಗುಂಯ್‌ಗುಟ್ಟಿದರೆ ಇನ್ನೊಂದೆರಡು ಡಿಗ್ರಿ ಹಿಂದೆ ಬರಲಿ. ಕೈ ತೆರೆದಾಗ ದಾರ ಸುರುಳಿಯಲ್ಲಿ ಗೋಜಲಾದರೆ ಎಲಾಸ್ಟಿಕ್ ಸೋತಿದೆ. ಅದನ್ನು ಮೂರು ತಿಂಗಳಿಗೊಮ್ಮೆ ಹೇಗೂ ಬದಲಿಸಿ.

ದಾರವನ್ನು ವಾರಕ್ಕೊಮ್ಮೆ ಕೊಳವೆಯ ಬಾಯಿಗಳಲ್ಲಿ ನೋಡಿ. ಎಳೆ ಎದ್ದು ತುಪ್ಪಳದಂತಾಗಿದ್ದರೆ ಆ ದಿನವೇ ತೆಗೆದುಹಾಕಿ. ನಿಯೋಪ್ರೀನ್ ತುಂಡುಗಳನ್ನು ಎರಡು ದಿನಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ, ಎರಡು ಜೊತೆ ಇದ್ದರೆ ಒಣಗುವವರೆಗೆ ಕೈ ಖಾಲಿ ಕೂರಬೇಕಿಲ್ಲ. ಕಳಚಿದಾಗಲೆಲ್ಲ ಬೆರಳ ಸಂದು ಒರೆಸಿ.